ಒಂದೂ ವೋಟು ಬೀಳದ ಮತಗಟ್ಟೆ

ಇವತ್ತಿನ ಕಥೆ ಬ್ರಿಟನ್ನಿನದು. 2012ರ ನವೆಂಬರ್ 15. ವೇಲ್ಸ್‌ನ ನ್ಯೂಪೋರ್ಟ್ ನಗರದ ಬೆಟ್ಟಸ್ ಅನ್ನೋ ಕಡೆ ಒಂದು ಮತಗಟ್ಟೆ. ಇಡೀ ದಿನ ಬಾಗಿಲು ತೆರೆದೇ ಇತ್ತು. ಬಿದ್ದ ಮತ ಎಷ್ಟು ಗೊತ್ತಾ? ಸೊನ್ನೆ.

ಅವತ್ತು ನಡೆದದ್ದು ‘ಪೊಲೀಸ್ ಅಂಡ್ ಕ್ರೈಮ್ ಕಮಿಷನರ್’ ಚುನಾವಣೆ. ಲಂಡನ್ ಬಿಟ್ಟು ಇಂಗ್ಲೆಂಡ್ ಮತ್ತು ವೇಲ್ಸ್‌ನ 41 ಪೊಲೀಸ್ ವಲಯಗಳಿಗೆ. ಹೆಸರು ಕೇಳಿ ನಮ್ಮ ಬೆಂಗಳೂರಿನ ಪೊಲೀಸ್ ಕಮಿಷನರ್ ಥರ ಅಂದ್ಕೋಬೇಡಿ. ಇವರಿಗೆ ಯೂನಿಫಾರ್ಮ್ ಇಲ್ಲ, ಯಾರನ್ನೂ ಅರೆಸ್ಟ್ ಮಾಡೋ ಹಾಗಿಲ್ಲ. ಆದರೆ ಪೊಲೀಸ್ ಮುಖ್ಯಸ್ಥರಾದ ಚೀಫ್ ಕಾನ್‌ಸ್ಟೇಬಲ್‌ರನ್ನು ನೇಮಿಸೋದು, ಬೇಕಾದರೆ ತೆಗೆಯೋದು ಇವರೇ. ಬಜೆಟ್ ಇವರದು. ಸ್ಥಳೀಯ ತೆರಿಗೆಯಲ್ಲಿ ಪೊಲೀಸರ ಪಾಲು ಎಷ್ಟು ಅಂತ ಹೇಳೋದೂ ಇವರೇ.

ಮೊದಲು ಈ ಮೇಲ್ವಿಚಾರಣೆ ಮಾಡ್ತಿದ್ದದ್ದು ಪೊಲೀಸ್ ಪ್ರಾಧಿಕಾರ ಅನ್ನೋ ಸಮಿತಿ. ಅದರಲ್ಲಿ ಯಾರಿದ್ದಾರೆ ಅಂತ ಜನಕ್ಕೆ ಗೊತ್ತಿದ್ದದ್ದೇ ಕಡಿಮೆ. ಜನರೇ ಆರಿಸಿದರೆ ಜನಕ್ಕೇ ಲೆಕ್ಕ ಕೊಡ್ತಾರೆ ಅಂತ ಡೇವಿಡ್ ಕ್ಯಾಮರಾನ್ ಸರ್ಕಾರ 2011ರಲ್ಲಿ ಕಾನೂನು ತಂತು. ಒಳ್ಳೆ ಯೋಚನೆನೇ, ಅಲ್ವಾ?

ಈಗ ಒಬ್ಬ ಅಭ್ಯರ್ಥಿಯನ್ನ ನೋಡೋಣ. ಬಾಬ್ ಆಶ್‌ಫರ್ಡ್. ಏವನ್ ಅಂಡ್ ಸಾಮರ್‌ಸೆಟ್ ವಲಯದಲ್ಲಿ ಲೇಬರ್ ಪಕ್ಷದಿಂದ ನಿಂತಿದ್ದವರು. ದಾರಿ ತಪ್ಪಿದ ಹುಡುಗರನ್ನು ಸರಿದಾರಿಗೆ ತರೋ ಯೂತ್ ಜಸ್ಟಿಸ್ ಬೋರ್ಡ್‌ನಲ್ಲಿ ಕೆಲಸ ಮಾಡಿದ್ದವರು. 1966ರಲ್ಲಿ, 13ರ ವಯಸ್ಸಲ್ಲಿ, ರೈಲ್ವೆ ಜಾಗಕ್ಕೆ ನುಗ್ಗಿದ್ದಕ್ಕೆ ಮತ್ತು ಏರ್‌ಗನ್ ಇಟ್ಟುಕೊಂಡಿದ್ದಕ್ಕೆ ಅವರಿಗೆ ಒಟ್ಟು 5 ಪೌಂಡ್ ದಂಡ ಬಿದ್ದಿತ್ತು. ಹೊಸ ಕಾನೂನಿನ ಪ್ರಕಾರ, ಜೈಲಾಗಬಹುದಾದ ಯಾವ ಅಪರಾಧದಲ್ಲಿ ಯಾವಾಗ ತಪ್ಪಿತಸ್ಥರಾಗಿದ್ದರೂ ಸ್ಪರ್ಧಿಸೋ ಹಾಗಿಲ್ಲ. 46 ವರ್ಷದ ಹಿಂದಿನ ದಂಡಕ್ಕೆ ಅವರು ಕಣದಿಂದ ಹಿಂದೆ ಸರಿದರು. ತಮಾಷೆ ಏನಂದ್ರೆ, ಅದೇ ಕಾರಣಕ್ಕೆ ಎಂಪಿ ಆಗೋಕೆ ಅಡ್ಡಿ ಇರಲಿಲ್ಲ. ಇಡೀ ದೇಶದ ಪೊಲೀಸ್ ವ್ಯವಸ್ಥೆ ನೋಡ್ಕೊಳ್ಳೋ ಹೋಮ್ ಸೆಕ್ರೆಟರಿ ಆಗೋಕೂ ಇರಲಿಲ್ಲ!

ಕಣದಲ್ಲಿ ಉಳಿದವರ ಕಥೆ? 5,000 ಪೌಂಡ್ ಠೇವಣಿ ಕಟ್ಟಬೇಕು. ಸಂಸತ್ ಚುನಾವಣೆಯಲ್ಲಿ ಅಭ್ಯರ್ಥಿಯ ಒಂದು ಕರಪತ್ರ ಪ್ರತಿ ಮನೆಗೂ ಉಚಿತವಾಗಿ ಅಂಚೆಯಲ್ಲಿ ಹೋಗುತ್ತೆ. ಇಲ್ಲಿ ಅದಿಲ್ಲ. ಮಾಹಿತಿ ಬೇಕಾದರೆ ವೆಬ್‌ಸೈಟ್ ನೋಡಿ ಅಂದರು. ಮೇಲೆ ನವೆಂಬರ್ ಚಳಿ. ಒಟ್ಟು ಮತದಾನ ಸುಮಾರು ಶೇ 15.

ನನಗೆ ಕಾಣೋದು ಇಷ್ಟು. ಕಾನೂನು ಅಭ್ಯರ್ಥಿಯ ಬಾಲ್ಯವನ್ನೂ ಬಿಡದೆ ಕೆದಕಿತು. ಆದರೆ ಆ ಅಭ್ಯರ್ಥಿ ಯಾರು ಅಂತ ಮತದಾರರ ಮನೆಬಾಗಿಲಿಗೆ ತಿಳಿಸೋ ಗೋಜಿಗೆ ಹೋಗಲಿಲ್ಲ. ಗೊತ್ತಿಲ್ಲದವರಿಂದ ಲೆಕ್ಕ ಕೇಳೋದು ಹೇಗೆ?

2021ರಲ್ಲಿ ವಿಲ್ಟ್‌ಶೈರ್‌ನಲ್ಲಿ ಮತ್ತದೇ ಕಥೆ. ಹೆಚ್ಚು ಮತ ಪಡೆದವರು ದಶಕಗಳ ಹಿಂದೆ ಕುಡಿದು ಗಾಡಿ ಓಡಿಸಿದ ಕೇಸಲ್ಲಿ ಅನರ್ಹರು ಅಂತ ಗೊತ್ತಾಗಿ, ಆಗಸ್ಟ್‌ನಲ್ಲಿ ಮರುಚುನಾವಣೆ ಆಯ್ತು. ಕೊನೆಗೆ 2025ರ ನವೆಂಬರ್‌ನಲ್ಲಿ ಸರ್ಕಾರ, 2028ಕ್ಕೆ ಈ ಹುದ್ದೆಯನ್ನೇ ರದ್ದು ಮಾಡ್ತೀವಿ ಅಂತ ಪ್ರಕಟಿಸಿತು. ಕೆಲಸ ಮೇಯರ್‌ಗಳಿಗೆ, ಮೇಯರ್ ಇಲ್ಲದ ಕಡೆ ಸ್ಥಳೀಯ ಕೌನ್ಸಿಲ್ ನಾಯಕರಿಗೆ.

ಹುದ್ದೆ ಹೋಗಬಹುದು. ಪೊಲೀಸರನ್ನು ಪ್ರಶ್ನೆ ಮಾಡೋರು ಯಾರು ಅನ್ನೋ ಪ್ರಶ್ನೆ ಹೋಗಲ್ಲ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.