ಓದುವ ದಾಖಲೆ, ಓಡುವ ದಾಖಲೆ

ವೆಬ್ ಅಪ್ಲಿಕೇಶನ್ ಒಂದನ್ನು ಡೆವಲಪರ್ ತನ್ನ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿಕೊಳ್ಳುವುದು, ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವುದು, ಅದರ ಬಗ್ಗೆ ದಾಖಲೆ ಬರೆದಿಡುವುದು ಮೂರು ಬೇರೆ ಬೇರೆ ಕೆಲಸಗಳೆಂಬ ಎಣಿಕೆ ಇಂದಿಗೂ ಇದೆ. ಕಳೆದ ಐದು ದಶಕಗಳ ಬೆಳವಣಿಗೆಯನ್ನು ಗಮನಿಸಿದರೆ ಈ ಮೂರೂ ಒಂದಾಗುತ್ತ ಬಂದಿರುವುದು ಕಾಣುತ್ತದೆ. ಮನುಷ್ಯ ಮಾತ್ರ ಓದುವ ದಾಖಲೆ ಬೇಗ ಹಳಸುತ್ತದೆ. ಯಂತ್ರವೂ ದಿನನಿತ್ಯ ಓದಿ ನಡೆಸುವ ದಾಖಲೆ ನಿಜವಾಗಿ ಉಳಿಯುತ್ತದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ರೂಪಿಸಿದ ‘ಮೇಕ್’ ಈ ದಿಕ್ಕಿನ ಮೊದಲ ದೊಡ್ಡ ಹೆಜ್ಜೆ. ಯಾವ ಕಡತ ಯಾವುದನ್ನು ಅವಲಂಬಿಸಿದೆ, ಯಾವುದನ್ನು ಮೊದಲು ಕಟ್ಟಬೇಕು ಎಂದು ಒಂದು ಕಡೆ ಬರೆದಿಟ್ಟರೆ ಅದನ್ನೇ ಓದಿ ಯಂತ್ರ ಕೆಲಸ ಮುಗಿಸುತ್ತಿತ್ತು. 1984ರಲ್ಲಿ ಡೊನಾಲ್ಡ್ ಕ್ನೂತ್ ಇನ್ನೊಂದು ತುದಿಯಿಂದ ಹೊರಟರು. ಪ್ರೋಗ್ರಾಮನ್ನು ಮೊದಲು ಮನುಷ್ಯರಿಗೆ ತಿಳಿಯುವ ಪ್ರಬಂಧದಂತೆ ಬರೆಯಬೇಕು, ಯಂತ್ರಕ್ಕೆ ಬೇಕಾದ ಕೋಡನ್ನು ಅದರಿಂದಲೇ ತೆಗೆಯಬೇಕು ಎಂಬುದು ಅವರ ವಾದ. ಕ್ನೂತ್ ದಾರಿಯಲ್ಲಿ ಹೆಚ್ಚು ಜನ ನಡೆಯಲಿಲ್ಲ, ಆದರೆ ಅವರು ಎತ್ತಿದ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಪರೀಕ್ಷೆಯ ವಿಷಯದಲ್ಲಿ ನಿಜವಾದ ತಿರುವು 1990ರ ದಶಕದ್ದು. ಕೆಂಟ್ ಬೆಕ್ ಸ್ಮಾಲ್‌ಟಾಕ್ ಭಾಷೆಗೆಂದು ಮಾಡಿದ್ದ ಪರೀಕ್ಷಾ ಚೌಕಟ್ಟನ್ನು 1997ರಲ್ಲಿ ಅವರು ಮತ್ತು ಎರಿಕ್ ಗಾಮಾ ವಿಮಾನ ಪ್ರಯಾಣದ ನಡುವೆಯೇ ಜಾವಾಗೆ ತಂದರು, ಅದೇ ಜೆಯುನಿಟ್. ಪರೀಕ್ಷೆಯನ್ನೂ ಕೋಡ್ ಬರೆದವರೇ ಬರೆಯಬೇಕು, ಅದೂ ಕೋಡಿನ ಪಕ್ಕದಲ್ಲೇ ಇರಬೇಕು ಎಂಬ ರೂಢಿ ಹರಡಿದ್ದು ಇಲ್ಲಿಂದ. ಇದಕ್ಕಿಂತಲೂ ಸೊಗಸಾದದ್ದು ಟಿಮ್ ಪೀಟರ್ಸ್ ಬರೆದ, 2001ರಲ್ಲಿ ಪೈಥಾನ್ ಜೊತೆ ಬಂದ ‘ಡಾಕ್‌ಟೆಸ್ಟ್’. ವಿವರಣೆಯೊಳಗೆ ಕೊಟ್ಟ ಉದಾಹರಣೆಯನ್ನೇ ಅದು ಓಡಿಸಿ, ಬರೆದಿಟ್ಟ ಉತ್ತರ ಬರುತ್ತದೆಯೇ ಎಂದು ನೋಡುತ್ತದೆ. ಉದಾಹರಣೆ ಹಳಸಿದ ದಿನವೇ ಪರೀಕ್ಷೆ ಬಿದ್ದುಹೋಗುತ್ತದೆ. ದಾಖಲೆಯೂ ಪರೀಕ್ಷೆಯೂ ಒಂದೇ ಸಾಲಿನಲ್ಲಿ ಕೂಡಿದ್ದು ಇಲ್ಲಿ. ವೆಬ್‌ಗೆ ಈ ಶಿಸ್ತು ಬಂದದ್ದು ಚೌಕಟ್ಟುಗಳ ಮೂಲಕ. 2004ರ ರೂಬಿ ಆನ್ ರೈಲ್ಸ್ ಹೊಸ ಯೋಜನೆ ಆರಂಭಿಸಿದೊಡನೆ ಪರೀಕ್ಷೆಗೆಂದೇ ಒಂದು ಫೋಲ್ಡರನ್ನೂ ಪ್ರತ್ಯೇಕ ಡೇಟಾಬೇಸಿಗೆ ಜಾಗವನ್ನೂ ಕೊಟ್ಟಿತು. ಮರುವರ್ಷ ಹೊರಬಂದ ಜ್ಯಾಂಗೋ ಯೋಜನೆಯ ನಿಯಮದಲ್ಲಿ, ಹೊಸ ಸೌಲಭ್ಯದ ಜೊತೆ ಅದರ ಪರೀಕ್ಷೆಯೂ ದಾಖಲೆಯೂ ಬರಲೇಬೇಕು.

ಸೆಟಪ್ ಮಾತ್ರ ಬಹುಕಾಲ ಹಿಂದೆಯೇ ಉಳಿದಿತ್ತು. ವೆಬ್ ಅಪ್ಲಿಕೇಶನ್ ಎಂದರೆ ಒಂಟಿ ಪ್ರೋಗ್ರಾಮ್ ಅಲ್ಲವಷ್ಟೆ: ಡೇಟಾಬೇಸ್, ಸರ್ವರ್, ಹತ್ತಾರು ಲೈಬ್ರರಿಗಳು, ಅವುಗಳ ನಿರ್ದಿಷ್ಟ ಆವೃತ್ತಿಗಳು, ಗುಟ್ಟಾಗಿ ಇಡಬೇಕಾದ ಪಾಸ್‌ವರ್ಡುಗಳು. ಇದನ್ನೆಲ್ಲ ‘ರೀಡ್‌ಮೀ’ ಕಡತದಲ್ಲಿ ಪಟ್ಟಿ ಮಾಡಿದರೆ ಆರು ತಿಂಗಳಲ್ಲಿ ಅರ್ಧ ಸುಳ್ಳಾಗುತ್ತಿತ್ತು. ಬಂಡ್ಲರ್ ಲೈಬ್ರರಿಗಳ ಆವೃತ್ತಿಯನ್ನು ಬೀಗ ಹಾಕಿದಂತೆ ಹಿಡಿದಿಟ್ಟಿತು. 2010ರ ವೇಗ್ರಂಟ್ ಇಡೀ ಯಂತ್ರವನ್ನೇ ಒಂದು ಕಡತದಲ್ಲಿ ವರ್ಣಿಸಿತು. 2013ರ ಡಾಕರ್ ಅದನ್ನೇ ಹಗುರ ಮಾಡಿತು. ನಿರ್ಣಾಯಕವಾದದ್ದು ಇವುಗಳಿಗಿಂತ ಹೆಚ್ಚಾಗಿ ಸತತ ಪರೀಕ್ಷಾ ವ್ಯವಸ್ಥೆ ಎಂದು ನನ್ನ ಅಭಿಪ್ರಾಯ. 2001ರ ಕ್ರೂಸ್‌ಕಂಟ್ರೋಲ್‌ನಿಂದ 2011ರ ಟ್ರಾವಿಸ್‌ವರೆಗೆ ಬೆಳೆದ ಈ ಪದ್ಧತಿ ಕೊನೆಗೆ ಪ್ರತಿ ಬದಲಾವಣೆಯನ್ನೂ ಖಾಲಿ ಯಂತ್ರವೊಂದರಲ್ಲಿ ಮೊದಲಿನಿಂದ ಕಟ್ಟಿ ನೋಡುವ ಹಂತಕ್ಕೆ ಬಂತು. ಹೊಸಬರು ತಂಡಕ್ಕೆ ಬಂದಾಗ ಮಾತ್ರ ಪರೀಕ್ಷೆಗೊಳಗಾಗುತ್ತಿದ್ದ ಸೆಟಪ್ ಸೂಚನೆ ಈಗ ದಿನಕ್ಕೆ ಹತ್ತಾರು ಸಲ ಪರೀಕ್ಷೆಗೊಳಗಾಗುತ್ತದೆ. ಹಾಗೆಂದು ಎಲ್ಲ ಭದ್ರವಾಯಿತು ಎನ್ನುವಂತಿಲ್ಲ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ 11 ಸಾಲಿನ ಲೈಬ್ರರಿಯನ್ನು ಅದರ ಲೇಖಕರು ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದರ ಹೆಸರನ್ನೇ ಕೇಳದ ಅಸಂಖ್ಯ ಯೋಜನೆಗಳು ಕಟ್ಟಲಾಗದೆ ನಿಂತವು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಎಲ್ಲವೂ ಓಡುವಂತಾದ ಮೇಲೆ ಬರೆಯುವುದೇಕೆ ಎಂಬುದು ಒಂದು. 2001ರ ಅಜೈಲ್ ಪ್ರಣಾಳಿಕೆ ವಿಸ್ತಾರವಾದ ದಾಖಲೆಗಿಂತ ನಡೆಯುವ ತಂತ್ರಾಂಶಕ್ಕೆ ಹೆಚ್ಚು ಬೆಲೆ ಕೊಟ್ಟಿತು ಎಂಬುದನ್ನು ಹಲವರು ಇದಕ್ಕೆ ಆಧಾರವಾಗಿ ಹೇಳುತ್ತಾರೆ. ದಾಖಲೆಗೂ ಬೆಲೆಯಿದೆ ಎಂದು ಅದೇ ಪ್ರಣಾಳಿಕೆ ಒಪ್ಪಿಕೊಂಡದ್ದನ್ನು ಮರೆಯುತ್ತಾರೆ. ಇನ್ನೊಂದು ಆಕ್ಷೇಪ ರೈಲ್ಸ್ ಕರ್ತೃ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ 2014ರಲ್ಲಿ ಎತ್ತಿದ್ದು: ಪರೀಕ್ಷೆಯನ್ನೇ ಮೊದಲಿಟ್ಟು ಬರೆಯುವ ಹಟ ಕೋಡಿನ ವಿನ್ಯಾಸವನ್ನೇ ಕೆಡಿಸುತ್ತದೆ ಎಂದು. ಇದರಲ್ಲಿ ಹುರುಳಿದೆ. ಪರೀಕ್ಷೆ ದೋಷ ಇದೆಯೆಂದು ತೋರಿಸಬಲ್ಲದೇ ಹೊರತು ಇಲ್ಲವೆಂದು ಸಾಬೀತುಪಡಿಸಲಾರದು ಎಂಬ ಡೈಕ್‌ಸ್ಟ್ರಾ ಮಾತೂ ಹಳೆಯದೇ. ಹೆಸರಿನ ಉದ್ದಕ್ಕೆ ಮಿತಿ ಹಾಕುವ ಕೋಡನ್ನೇ ಉದಾಹರಣೆಗೆ ನೋಡಿ: ‘ಲಕ್ಷ್ಮಿ’ ಎಂಬ ಹೆಸರು ಕನ್ನಡ ಓದುಗರಿಗೆ ಎರಡಕ್ಷರ. ಜಾವಾಸ್ಕ್ರಿಪ್ಟ್ ಅದರ ಉದ್ದವನ್ನು 7 ಎಂದು ಲೆಕ್ಕ ಹಾಕುತ್ತದೆ, ಐದಕ್ಕೆ ಕತ್ತರಿಸಿದರೆ ‘ಲಕ್ಷ್’ ಎಂದಷ್ಟೇ ಉಳಿಯುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಇಟ್ಟುಕೊಂಡು ಬರೆದ ಸಾವಿರ ಪರೀಕ್ಷೆಗಳು ಗೆದ್ದರೂ ಈ ದೋಷ ಹಾಗೇ ಉಳಿದಿರುತ್ತದೆ. ಬರೆದವರಿಗೆ ಹೊಳೆಯದ್ದು ಪರೀಕ್ಷೆಯಲ್ಲಿ ಬರುವುದಿಲ್ಲ. ಆದ್ದರಿಂದ ಓಡುವ ದಾಖಲೆ ನಿಜ ಹೇಳುತ್ತದೆ ಎನ್ನುವಾಗ, ತನಗೆ ಕೇಳಿದಷ್ಟಕ್ಕೆ ಮಾತ್ರ ಎಂದು ಸೇರಿಸಬೇಕು.

ಓಡಿಸಲಾಗದ ಒಂದು ಭಾಗವಂತೂ ಇದೆ: ಕಾರಣ. ಡೇಟಾಬೇಸಿನ ಯಾವ ಆವೃತ್ತಿ ಬೇಕೆಂದು ಡಾಕರ್ ಕಡತ ಹೇಳುತ್ತದೆ. ಅದೇ ಏಕೆ, ಹೊಸದು ಏಕಾಗದು ಎಂದು ಹೇಳುವುದಿಲ್ಲ. 2011ರಲ್ಲಿ ಮೈಕೆಲ್ ನೈಗಾರ್ಡ್ ಸೂಚಿಸಿದ ‘ನಿರ್ಧಾರ ದಾಖಲೆ’ ಈ ಕೊರತೆಗೆ ಸರಳ ಉತ್ತರ. ಪ್ರತಿ ಮುಖ್ಯ ನಿರ್ಧಾರಕ್ಕೂ ಒಂದೆರಡು ಪುಟ: ಆಗಿನ ಸಂದರ್ಭ, ಆಯ್ದುಕೊಂಡ ದಾರಿ, ಅದರ ಪರಿಣಾಮ. ಅದನ್ನು ಕೋಡಿನ ಜೊತೆಗೇ ಇಡುತ್ತಾರೆ, ನಿರ್ಧಾರ ಬದಲಾದರೆ ಹಳೆಯದನ್ನು ಅಳಿಸದೆ, ಇದರ ಜಾಗಕ್ಕೆ ಇಂಥದ್ದು ಬಂದಿದೆ ಎಂದು ಗುರುತು ಹಾಕುತ್ತಾರೆ. ಇದೂ ಹಳಸುವುದಿಲ್ಲವೇ ಎಂದು ಕೇಳಬಹುದು. ಸೆಟಪ್ ಸೂಚನೆ ಹಳಸುವುದು ಅದು ಇಂದಿನ ಸ್ಥಿತಿಯನ್ನು ಹೇಳುತ್ತೇನೆ ಎನ್ನುವುದರಿಂದ. ತಾರೀಖು ಹಾಕಿದ ಕಾರಣ, ಆ ದಿನ ತಂಡ ಹೀಗೆ ಯೋಚಿಸಿತ್ತು ಎಂದಷ್ಟೇ ಹೇಳುತ್ತದೆ. ಕೋಡ್ ಎಷ್ಟು ಬದಲಾದರೂ ಅದು ಸುಳ್ಳಾಗುವುದಿಲ್ಲ.