ಮಂಡಕಳ್ಳಿಯ ರನ್‌ವೇ: ಇಳಿಯುವ ವಿಮಾನ ಮತ್ತು ಟೈರಿನ ಹಿಡಿತ

ಮೈಸೂರು ಜಿಲ್ಲೆಯ ವಿಮಾನ ನಿಲ್ದಾಣ ಮಂಡಕಳ್ಳಿಯಲ್ಲಿದ್ದು, ಅದರ ರನ್‌ವೇ ಸುಮಾರು 1,740 ಮೀಟರ್ ಉದ್ದವಾಗಿದೆ. ಇಷ್ಟು ನೆಲದೊಳಗೆ ವಿಮಾನವು ಸುರಕ್ಷಿತವಾಗಿ ನಿಲ್ಲಬೇಕಾದರೆ ಅದರ ಟೈರುಗಳಿಗೆ ಸಾಕಷ್ಟು ಹಿಡಿತ ದೊರೆಯಲೇಬೇಕು.

ನೆಲ ಮುಟ್ಟುವ ಕ್ಷಣ
ಗಾಳಿಯಲ್ಲಿ ತಿರುಗದೆ ಇದ್ದ ಚಕ್ರವು ನೆಲಕ್ಕೆ ತಾಗಿದೊಡನೆ ವಿಮಾನದ ವೇಗಕ್ಕೆ ತಕ್ಕಂತೆ ತಿರುಗಬೇಕಾದ್ದರಿಂದ ರಬ್ಬರು ಉಜ್ಜಿ ಹೊಗೆಯೇಳುತ್ತದೆ. ಆಗ ರೆಕ್ಕೆಗಳು ತೂಕದ ಒಂದು ಪಾಲನ್ನು ಇನ್ನೂ ಹೊತ್ತಿರುತ್ತವೆ. ವೇಗ ತಗ್ಗಿದಂತೆ ಆ ಭಾರವೂ ಚಕ್ರಗಳಿಗೆ ವರ್ಗವಾಗುತ್ತದೆ.

ಬ್ರೇಕಿನ ಬಲದ ಅಂದಾಜು
ಟೈರು ನೆಲವನ್ನು ಒತ್ತುವ ಭಾರವನ್ನು ಘರ್ಷಣಾಂಕದಿಂದ, ಅಂದರೆ ಎರಡು ಮೇಲ್ಮೈಗಳ ನಡುವಿನ ಹಿಡಿತವನ್ನು ಸೂಚಿಸುವ ಸಂಖ್ಯೆಯಿಂದ, ಗುಣಿಸಿದರೆ ದೊರೆಯಬಹುದಾದ ಗರಿಷ್ಠ ಬ್ರೇಕ್ ಬಲ ತಿಳಿಯುತ್ತದೆ. ಸುಮಾರು 22 ಟನ್ ತೂಕದ ಎಟಿಆರ್-72 ವಿಮಾನದ 4 ಮುಖ್ಯ ಚಕ್ರಗಳು ಒಟ್ಟು 20 ಟನ್ ಹೊತ್ತಿವೆ, ಘರ್ಷಣಾಂಕ 0.5 ಇದೆ ಎಂದು ಭಾವಿಸಿದರೆ, ಪ್ರತಿ ಚಕ್ರವೂ 2.5 ಟನ್ ತೂಕಕ್ಕೆ ಸಮನಾದ ಬಲದಿಂದ ವಿಮಾನವನ್ನು ತಡೆಯಬಲ್ಲದು.

ಮಳೆಗಾಲದ ಎಚ್ಚರ
ಒದ್ದೆ ನೆಲದಲ್ಲಿ ಘರ್ಷಣಾಂಕ ಕುಸಿಯುತ್ತದೆ; ನೀರು ನಿಂತಿದ್ದರೆ ಟೈರು ಅದರ ಮೇಲೆ ತೇಲಿ ಹಿಡಿತವನ್ನೇ ಕಳೆದುಕೊಳ್ಳಬಹುದು. ಚಕ್ರವು ಪೂರ್ತಿ ಬಿಗಿದುಕೊಂಡು ಜಾರದಂತೆ ಬ್ರೇಕಿನ ಒತ್ತಡವನ್ನು ಕ್ಷಣಕ್ಷಣಕ್ಕೂ ಹೊಂದಿಸುವ ಜಾರುನಿರೋಧಕ ವ್ಯವಸ್ಥೆಯು ಪ್ರಯಾಣಿಕರ ಪ್ರಾಣವನ್ನು ಕಾಯುವ ಮೌನ ಕಾವಲುಗಾರ.