ಅಲೆಕ್ ಗಿನ್ನೆಸ್: ನಡಿಗೆಯಲ್ಲಿ ಪಾತ್ರ ಹುಡುಕಿದ ನಟ

ಸರ್ ಅಲೆಕ್ ಗಿನ್ನೆಸ್ (1914–2000) ಇಂಗ್ಲೆಂಡಿನ ರಂಗಭೂಮಿ, ಸಿನಿಮಾ ಮತ್ತು ಟೆಲಿವಿಷನ್ ನಟ. ಅರವತ್ತು ವರ್ಷಕ್ಕೂ ಮೀರಿದ ಅವರ ವೃತ್ತಿಯಲ್ಲಿ ಶೇಕ್ಸ್‌ಪಿಯರನ ರಾಜರಿದ್ದಾರೆ, ಕಳ್ಳರಿದ್ದಾರೆ, ಪಾದ್ರಿಗಳಿದ್ದಾರೆ, ಗೂಢಚಾರರಿದ್ದಾರೆ. ಒಂದೇ ಚಿತ್ರದಲ್ಲಿ ಸಾಲಾಗಿ ಸಾಯುವ ಎಂಟು ಮಂದಿ ಶ್ರೀಮಂತರೂ ಇದ್ದಾರೆ. ಇಷ್ಟಾದರೂ ಬೀದಿಯಲ್ಲಿ ಎದುರಾದರೆ ಥಟ್ಟನೆ ಗುರುತು ಹತ್ತುವ ಮುಖ ಅವರದಾಗಿರಲಿಲ್ಲ. ಪಾತ್ರದ ನಡಿಗೆ ಮೊದಲು ಕೈಗೆ ಸಿಗಬೇಕು, ಉಳಿದದ್ದು ತಾನಾಗಿ ಹಿಂದೆ ಬರುತ್ತದೆ ಎಂದು ನಂಬಿದ್ದ ಕಲಾವಿದ ಅವರು.

ಹುಟ್ಟಿದ್ದು 1914ರ ಏಪ್ರಿಲ್ 2ರಂದು, ಲಂಡನ್ನಿನಲ್ಲಿ. ಜನನ ಪತ್ರದಲ್ಲಿ ತಂದೆಯ ಹೆಸರು ಬರೆಯುವ ಜಾಗ ಖಾಲಿ. ತಾಯಿ ಆಗ್ನೆಸ್ ಕಫ್ ಮುಂದೆ ಸ್ಟಿವನ್ ಎಂಬ ಸೈನ್ಯಾಧಿಕಾರಿಯನ್ನು ಮದುವೆಯಾದಾಗ ಹುಡುಗನೂ ಅಲೆಕ್ ಸ್ಟಿವನ್ ಆದ. ತನ್ನ ನಿಜವಾದ ಹೆಸರು ಗಿನ್ನೆಸ್ ಎಂದು ಅವನಿಗೆ ತಿಳಿದದ್ದು ಹದಿನಾಲ್ಕರ ಸುಮಾರಿಗೆ. (ಮದ್ಯ ತಯಾರಿಸುವ ಗಿನ್ನೆಸ್ ಮನೆತನದ ಯಾರೋ ತಂದೆ ಇರಬೇಕೆಂಬ ಗುಸುಗುಸು ಬಹುಕಾಲ ಇತ್ತು, ಪುರಾವೆ ಮಾತ್ರ ಸಿಗಲಿಲ್ಲ.) ಶಾಲೆ ಮುಗಿಸಿ ಜಾಹೀರಾತು ಕಂಪನಿಯೊಂದರಲ್ಲಿ ಪ್ರಚಾರದ ಸಾಲುಗಳನ್ನು ಬರೆಯುವ ಕೆಲಸ ಹಿಡಿದರು. ಅಭಿನಯ ಕಲಿಯಲು ನಟಿ ಮಾರ್ಟಿಟಾ ಹಂಟ್ ಬಳಿಗೆ ಹೋದರೆ, ನೀನೆಂದೂ ನಟನಾಗಲಾರೆ ಎಂಬರ್ಥದ ಮಾತು ಕೇಳಬೇಕಾಯಿತು. 1939ರಲ್ಲಿ ಇದೇ ಶಿಷ್ಯ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ನಾಟಕವಾಗಿಸಿದಾಗ ಮಿಸ್ ಹ್ಯಾವಿಶಮ್ ಪಾತ್ರ ಮಾಡಿದ್ದು ಆಕೆಯೇ.

1934ರಲ್ಲಿ ಸಿಕ್ಕಿದ ಒಂದು ಕೆಲಸ ಮುಂದಿನದಕ್ಕೆಲ್ಲ ಮುನ್ಸೂಚನೆಯಂತಿದೆ. ಲಂಡನ್ನಿನ ಪಿಕಡಿಲಿ ಥಿಯೇಟರಿನ ಸಾಧಾರಣ ನಾಟಕವೊಂದರಲ್ಲಿ ಚೀನೀ ಕೂಲಿ, ಫ್ರೆಂಚ್ ಕಡಲ್ಗಳ್ಳ, ಇಂಗ್ಲಿಷ್ ನಾವಿಕ ಮೂವರೂ ಇವರೇ. ಅದೇ ವರ್ಷ ಜಾನ್ ಗೀಲ್ಗುಡ್ ತಮ್ಮ ‘ಹ್ಯಾಮ್ಲೆಟ್’ನಲ್ಲಿ ಆಸ್ರಿಕ್‌ನ ಚಿಕ್ಕ ಪಾತ್ರ ಕೊಟ್ಟರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1938ರಲ್ಲಿ, ಓಲ್ಡ್ ವಿಕ್‌ನಲ್ಲಿ ಟೈರೋನ್ ಗತ್ರಿ ನಿರ್ದೇಶಿಸಿದ ‘ಹ್ಯಾಮ್ಲೆಟ್’ಗೆ ಗಿನ್ನೆಸ್ಸೇ ನಾಯಕ. ಅದು ಆಧುನಿಕ ಉಡುಪಿನ ಪ್ರಯೋಗ; ಒಫೀಲಿಯಾಳ ಶವಸಂಸ್ಕಾರಕ್ಕೆ ಬಂದವರ ಕೈಯಲ್ಲಿ ಕೊಡೆಗಳಿದ್ದವು. ಯುದ್ಧ ಬಂತು. ನೌಕಾಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿ ಅಧಿಕಾರಿಯಾದರು, 1943ರ ಸಿಸಿಲಿ ದಾಳಿಯಲ್ಲಿ ಸೈನಿಕರನ್ನು ದಡ ಮುಟ್ಟಿಸುವ ನೌಕೆಯೊಂದರ ಹೊಣೆ ಹೊತ್ತರು.

1939ರ ಆ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ನಾಟಕವನ್ನು ಪ್ರೇಕ್ಷಕರ ನಡುವೆ ಕೂತು ನೋಡಿದವರಲ್ಲಿ ಡೇವಿಡ್ ಲೀನ್ ಒಬ್ಬರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅವರು ಅದೇ ಕಾದಂಬರಿಯನ್ನು ಚಿತ್ರವಾಗಿ ತೆಗೆದಾಗ ಗಿನ್ನೆಸ್ಸರನ್ನು ಹರ್ಬರ್ಟ್ ಪಾಕೆಟ್ ಪಾತ್ರಕ್ಕೆ ಕರೆದರು. ಇಬ್ಬರ ಜಗಳಗಂಟಿ ಸ್ನೇಹ ಆರು ಚಿತ್ರಗಳವರೆಗೆ ಎಳೆಯಿತು.

ಎರಡನೆಯ ಚಿತ್ರ ‘ಆಲಿವರ್ ಟ್ವಿಸ್ಟ್’ (1948). ಮುದಿ ಯಹೂದಿ ಫೇಗಿನ್ ಪಾತ್ರಕ್ಕೆ ಮೂವತ್ತರ ಆಸುಪಾಸಿನ ಈ ಸಣಕಲ ಸರಿಹೋಗುವನೆಂದು ಲೀನ್‌ಗೆ ಅನಿಸಿರಲಿಲ್ಲ. ಗಿನ್ನೆಸ್ ಪಟ್ಟು ಹಿಡಿದು ಬಣ್ಣ ಹಚ್ಚಿ ಬಂದು ನಿಂತರು. ಕಾದಂಬರಿಗೆ ಕ್ರೂಕ್‌ಶ್ಯಾಂಕ್ ಬರೆದಿದ್ದ ಹಳೆಯ ಚಿತ್ರಗಳಿಂದ ಎದ್ದು ಬಂದಂತಿದ್ದ ಆ ಉದ್ದ ಮೂಗು ನೋಡಿ ಪಾತ್ರವೇನೋ ದಕ್ಕಿತು. ಆದರೆ ಯಹೂದಿಗಳ ನರಮೇಧ ನಡೆದು ಮೂರೇ ವರ್ಷ ಕಳೆದಿತ್ತು. ಬರ್ಲಿನ್ನಿನಲ್ಲಿ ಚಿತ್ರದ ವಿರುದ್ಧ ಪ್ರತಿಭಟನೆಯಾಯಿತು. ಅಮೆರಿಕದಲ್ಲಿ ಅದು ಕತ್ತರಿ ಹಾಕಿಸಿಕೊಂಡು 1951ರಲ್ಲಷ್ಟೇ ತೆರೆಕಂಡಿತು.

ಮನೆಮಾತಾದದ್ದು ಈಲಿಂಗ್ ಸ್ಟುಡಿಯೋದ ಹಾಸ್ಯಚಿತ್ರಗಳಿಂದ. ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ (1949) ಕಥೆ ಇಷ್ಟು: ಬಡ ನೆಂಟನೊಬ್ಬ ಪದವಿಯ ಆಸೆಗೆ ಡ್ಯಾಸ್ಕಾಯ್ನ್ ವಂಶದವರನ್ನು ಒಬ್ಬೊಬ್ಬರಾಗಿ ದಾರಿಯಿಂದ ತೊಲಗಿಸುತ್ತಾನೆ. ಗಿನ್ನೆಸ್ಸರಿಗೆ ಮೊದಲು ಹೇಳಿದ್ದು ನಾಲ್ಕು ಪಾತ್ರ. ನಾಲ್ಕೇ ಯಾಕೆ, ಎಂಟೂ ನಾನೇ ಮಾಡುತ್ತೇನೆ ಎಂದರು. ಪಾದ್ರಿ, ಸೇನಾನಿ, ನೌಕಾಧಿಪತಿ, ಬ್ಯಾಂಕಿನ ಒಡೆಯ, ಜತೆಗೆ ಮಹಿಳೆಯರ ಮತದಾನಕ್ಕಾಗಿ ಹೋರಾಡುವ ಲೇಡಿ ಅಗಾಥಾ! ಈ ಪೈಕಿ ಆರು ಮಂದಿ ಚರ್ಚಿನಲ್ಲಿ ಒಟ್ಟಿಗೆ ಕಾಣುವ ದೃಶ್ಯವೊಂದಿದೆ. ಕಂಪ್ಯೂಟರ್ ಇಲ್ಲದ ಕಾಲ. ಛಾಯಾಗ್ರಾಹಕ ಡಗ್ಲಸ್ ಸ್ಲೊಕೊಂಬ್ ಕ್ಯಾಮೆರಾವನ್ನು ಒಂದೇ ಕಡೆ ಬಿಗಿದರು. ಚೌಕಟ್ಟಿನ ಒಂದು ಭಾಗ ಬಿಟ್ಟು ಉಳಿದದ್ದನ್ನು ಮುಚ್ಚಿ ಚಿತ್ರೀಕರಿಸುವುದು, ಫಿಲ್ಮನ್ನು ಹಿಂದಕ್ಕೆ ಸುತ್ತುವುದು, ಗಿನ್ನೆಸ್ ವೇಷ ಕಳಚಿ ಮತ್ತೊಂದು ವೇಷ ಕಟ್ಟಿ ಬಂದ ಮೇಲೆ ಪಕ್ಕದ ಭಾಗ ತೆರೆಯುವುದು. ರಾತ್ರಿ ಯಾರಾದರೂ ಕ್ಯಾಮೆರಾ ಮುಟ್ಟಿ ಕೂದಲೆಳೆಯಷ್ಟು ಅಲುಗಿಸಿದರೂ ದುಡಿದದ್ದೆಲ್ಲ ಹಾಳು. ಸ್ಲೊಕೊಂಬ್ ಅದರ ಪಕ್ಕದಲ್ಲೇ ಮಲಗಿ ಕಾವಲು ಕಾದರಂತೆ.

‘ದಿ ಲ್ಯಾವೆಂಡರ್ ಹಿಲ್ ಮಾಬ್’ (1951), ‘ದಿ ಮ್ಯಾನ್ ಇನ್ ದಿ ವೈಟ್ ಸೂಟ್’ (1951), ‘ದಿ ಲೇಡಿಕಿಲ್ಲರ್ಸ್’ (1955) ಇದೇ ಸ್ಟುಡಿಯೋದ ಕೊಡುಗೆಗಳು. ಗೆಲುವಿನ ನಡುವೆ ಒಂದು ದೊಡ್ಡ ಸೋಲೂ ಇತ್ತು. 1951ರಲ್ಲಿ ತಾವೇ ನಿರ್ದೇಶಕರಲ್ಲೊಬ್ಬರಾಗಿ ಮತ್ತೆ ಹ್ಯಾಮ್ಲೆಟ್ ಆಡಿದಾಗ ಮೊದಲ ರಾತ್ರಿಯೇ ದೀಪಗಳ ಲೆಕ್ಕ ತಪ್ಪಿತು: ಕತ್ತಲಿರಬೇಕಾದಲ್ಲಿ ಬೆಳಕು, ಬೆಳಕಿರಬೇಕಾದಲ್ಲಿ ಕತ್ತಲು. ವಿಮರ್ಶಕರು ಕನಿಕರ ತೋರಲಿಲ್ಲ. ಆ ಪಾತ್ರದ ತಂಟೆಗೆ ಅವರು ಮತ್ತೆ ಹೋಗಲಿಲ್ಲ.

ನಡಿಗೆಯ ಮಾತಿಗೆ ಒಳ್ಳೆಯ ನಿದರ್ಶನ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ (1957). ಜಪಾನೀಯರ ಸೆರೆಯಲ್ಲಿರುವ ಕರ್ನಲ್ ನಿಕೊಲ್ಸನ್, ಕಾದ ತಗಡಿನ ಕಿರುಗೂಡಿನಿಂದ ಹೊರಬಂದು ಮೈದಾನ ದಾಟಬೇಕು. ಕಾಲುಗಳು ಮಾತು ಕೇಳುತ್ತಿಲ್ಲ, ಬೆನ್ನು ಮಾತ್ರ ಬಾಗಲೊಲ್ಲದು. ಗಿನ್ನೆಸ್ಸರ ಮಗ ಮ್ಯಾಥ್ಯೂ ಹನ್ನೊಂದರ ವಯಸ್ಸಿನಲ್ಲಿ ಪೋಲಿಯೋದಿಂದ ಮಲಗಿ, ಚೇತರಿಸಿಕೊಂಡು ಮತ್ತೆ ಹೆಜ್ಜೆ ಇಟ್ಟಿದ್ದ. ತಂದೆ ಕಣ್ಣಾರೆ ಕಂಡಿದ್ದ ಆ ತಡವರಿಕೆಯನ್ನೇ ಕರ್ನಲ್‌ಗೆ ಕೊಟ್ಟರು. ಸಿಲೋನಿನ ಕಾಡಿನಲ್ಲಿ ಚಿತ್ರೀಕರಣ ನಡೆಯುವಾಗ ಲೀನ್ ಜೊತೆ ಆದ ಜಟಾಪಟಿಗೆ ಲೆಕ್ಕವಿಲ್ಲ. ಆದರೂ ಶ್ರೇಷ್ಠ ನಟ ಆಸ್ಕರ್ ಬಂತು, 1959ರಲ್ಲಿ ಸರ್ ಪದವಿಯೂ ಬಂತು.

‘ಲಾರೆನ್ಸ್ ಆಫ್ ಅರೇಬಿಯಾ’ದ (1962) ಅರಬ್ ರಾಜಕುಮಾರ ಫೈಸಲ್ ಆಗಿ ಅವರು ಒಪ್ಪಿಗೆಯಾದರು. ಬೇರೊಂದು ಜನಾಂಗದವರ ವೇಷ ತೊಡುವ ಅದೇ ಜಾಣ್ಮೆ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ (1984) ಕೈಕೊಟ್ಟಿತು. ಈ ಚಿತ್ರದ ಬಹುಭಾಗ ತಯಾರಾದದ್ದು ಬೆಂಗಳೂರಿನಲ್ಲಿ. ಕಥೆಯಲ್ಲಿ ಬರುವ ಮರಬಾರ್ ಗುಹೆಗಳಾಗಿ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟದ ಬಂಡೆಗಳು ಕಾಣಿಸಿಕೊಂಡವು. ಒಂದು ದಶಕದ ಹಿಂದೆ ‘ಶೋಲೆ’ಯ ಗಬ್ಬರ್ ಸಿಂಗ್ ಅಬ್ಬರಿಸಿದ್ದ ಸೀಮೆ ಅದು. ಗಿನ್ನೆಸ್ಸರದು ಬ್ರಾಹ್ಮಣ ಪ್ರೊಫೆಸರ್ ಗೋಡ್ಬೋಲೆಯ ವೇಷ. ಡಾ. ಅಜೀಜ್ ಪಾತ್ರಕ್ಕೆ ವಿಕ್ಟರ್ ಬ್ಯಾನರ್ಜಿಯಂಥ ನಟ ಸಿಕ್ಕಿರುವಾಗ, ಎಪ್ಪತ್ತು ಮುಟ್ಟಿದ ಇಂಗ್ಲಿಷರೊಬ್ಬರು ಮುಖಕ್ಕೆ ಕಂದು ಬಣ್ಣ ಬಳಿದು ಪಕ್ಕದಲ್ಲಿ ನಿಲ್ಲುವುದು ನಮ್ಮ ಕಣ್ಣಿಗೆ ಛದ್ಮವೇಷದಂತೆಯೇ ಕಾಣುತ್ತದೆ. ಗಿನ್ನೆಸ್ ಕಲಿತು ಸಿದ್ಧಪಡಿಸಿಕೊಂಡಿದ್ದ ನೃತ್ಯದ ಭಾಗವನ್ನು ಲೀನ್ ಸಂಕಲನದಲ್ಲಿ ತೆಗೆದುಹಾಕಿದರು. ಇಬ್ಬರೂ ಜೊತೆಗೂಡಿದ ಕೊನೆಯ ಚಿತ್ರ ಅದು.

ಹಣದ ಮಟ್ಟಿಗೆ ಅದೃಷ್ಟ ತೆರೆದದ್ದು ‘ಸ್ಟಾರ್ ವಾರ್ಸ್’ (1977). ಓಬಿ-ವಾನ್ ಕೆನೋಬಿ ಪಾತ್ರಕ್ಕೆ ಸಂಬಳದ ಜೊತೆ ಲಾಭದಲ್ಲಿ ಪಾಲು ಕೇಳುವ ಜಾಣತನ ತೋರಿದ್ದರಿಂದ ಕಡೆಯವರೆಗೂ ದುಡ್ಡಿನ ಚಿಂತೆ ಇರಲಿಲ್ಲ. ಸಂಭಾಷಣೆಗಳ ಬಗ್ಗೆ ಮಾತ್ರ ಗೊಣಗಾಟ ತಪ್ಪಲಿಲ್ಲ. ಚಿತ್ರವನ್ನು ನೂರಕ್ಕೂ ಹೆಚ್ಚು ಸಲ ನೋಡಿದ್ದೇನೆಂದ ಬಾಲಕನೊಬ್ಬನಿಗೆ, ಇನ್ನು ನೋಡುವುದಿಲ್ಲವೆಂದು ಮಾತು ಕೊಡು ಎಂದು ಕೇಳಿದ ಪ್ರಸಂಗವನ್ನು ಅವರೇ ಬರೆದಿದ್ದಾರೆ.

ವೇಷವೇ ಇಲ್ಲದ ವೇಷ ಒದಗಿದ್ದು ಬಿಬಿಸಿಯ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ (1979) ಧಾರಾವಾಹಿಯಲ್ಲಿ. ಏಳು ಕಂತು, ದಪ್ಪ ಕನ್ನಡಕ, ಓವರ್‌ಕೋಟು, ಉಳಿದಂತೆ ಮೌನ. ಜಾರ್ಜ್ ಸ್ಮೈಲಿ ಪಾತ್ರಕ್ಕೆ ಮುನ್ನ ಅಸಲಿ ಗೂಢಚಾರರನ್ನು ನೋಡಬೇಕೆಂದು ಕೇಳಿದರು. ಲೇಖಕ ಜಾನ್ ಲೆ ಕಾರೆ ಬ್ರಿಟಿಷ್ ಗುಪ್ತಚರ ಸಂಸ್ಥೆಯ ಮಾಜಿ ಮುಖ್ಯಸ್ಥ ಸರ್ ಮಾರಿಸ್ ಓಲ್ಡ್‌ಫೀಲ್ಡ್ ಜೊತೆ ಊಟ ಏರ್ಪಡಿಸಿದರು. ಅತಿಥಿ ಎದ್ದು ಹೊರಟದ್ದೇ ತಡ, ಗಿನ್ನೆಸ್ ಕೂಡ ಹೊರಗೆ ಧಾವಿಸಿ ಆತ ನಡೆದುಹೋಗುವ ಬಗೆಯನ್ನು ನೋಡುತ್ತ ನಿಂತರಂತೆ. ಆಮೇಲೆ ಲೆ ಕಾರೆ ಸ್ಮೈಲಿಯ ಬಗ್ಗೆ ಬರೆಯಹೊರಟಾಗಲೆಲ್ಲ ಕಿವಿಯಲ್ಲಿ ಕೇಳುತ್ತಿದ್ದದ್ದು ಗಿನ್ನೆಸ್ಸರ ದನಿ. ಮುಂದುವರಿಕೆಯಾಗಿ ಬಂದ ‘ಸ್ಮೈಲೀಸ್ ಪೀಪಲ್’ (1982) ಕೂಡ ಮೊದಲನೆಯದರಂತೆ ಅವರಿಗೆ ಬಾಫ್ಟಾ ಪ್ರಶಸ್ತಿ ತಂದಿತು.

1985ರಲ್ಲಿ ಆತ್ಮಕಥೆ ಬರೆದರು. ಅದರಲ್ಲಿ ತಮ್ಮ ಬಗ್ಗೆ ಹೇಳಿದ್ದಕ್ಕಿಂತ ಕಂಡ ಕಲಾವಿದರ ಬಗ್ಗೆ ಹೇಳಿದ್ದೇ ಹೆಚ್ಚು. ಲಂಡನ್ ರಂಗದ ಮೇಲೆ ಕಡೆಯದಾಗಿ ಕಾಣಿಸಿಕೊಂಡದ್ದು ‘ಎ ವಾಕ್ ಇನ್ ದಿ ವುಡ್ಸ್’ ನಾಟಕದಲ್ಲಿ, ರಷ್ಯದ ರಾಜತಾಂತ್ರಿಕನಾಗಿ. 2000ದ ಆಗಸ್ಟ್ 5ರಂದು ಸಸೆಕ್ಸ್‌ನಲ್ಲಿ ತೀರಿಕೊಂಡರು. 1938ರಲ್ಲಿ ಕೈಹಿಡಿದಿದ್ದ ಪತ್ನಿ ಮೆರೂಲಾ ಅದೇ ವರ್ಷದ ಅಕ್ಟೋಬರಿನಲ್ಲಿ ನಿಧನರಾದರು.